ಧಾರವಾಡದ ಮಾಸ್ತರರ ಕೂಡುದುಡಿಮೆ

ನಾಡಿನ ಶಿಕ್ಷಣದ ಚರಿತ್ರೆಯನ್ನು ಹೇಳಹೊರಟವರು ಸಾಮಾನ್ಯವಾಗಿ ಒಬ್ಬಿಬ್ಬರು ಮಹನೀಯರ ಹೆಸರನ್ನೆತ್ತಿಕೊಂಡು, ಇದ್ದ ಹಾರಗಳನ್ನೆಲ್ಲ ಅವರ ಕೊರಳಿಗೇ ಹಾಕಿ ಕೈತೊಳೆದುಕೊಳ್ಳುವದುಂಟು. ಮುಂಬಯಿ ಇಲಾಖೆಯ ಕರ್ನಾಟಕ ಭಾಗದಲ್ಲಿ ಕನ್ನಡವನ್ನು ಉಳಿಸಿದವರು ಡೆಪ್ಯುಟಿ ಚನ್ನಬಸಪ್ಪನವರು ಎಂಬ ಮಾತನ್ನು ಧಾರವಾಡದ ಮನೆಮನೆಯಲ್ಲಿಯೂ ಕೇಳಬಹುದು. ಮಾತು ಸುಳ್ಳಲ್ಲ. ಆದರೆ ಆ ಹಿರಿಯರ ಕಾರ್ಯವನ್ನು ತುಸು ಹತ್ತಿರ ಹೋಗಿ ನೋಡಿದರೆ ಅವರ ಹಿಂದೆಯೂ ಮುಂದೆಯೂ ಶಾಲಾಮಾಸ್ತರರ ದೊಡ್ಡದೊಂದು ಬಳಗವೇ ನಿಂತಿರುವದು ಕಾಣುತ್ತದೆ. ಈ ಬಳಗವನ್ನು ಬಿಟ್ಟು ಚನ್ನಬಸಪ್ಪನವರನ್ನು ಹೊಗಳುವದು ತೇರನ್ನು ಎಳೆದವರನ್ನು ಮರೆತು ಕಳಸವನ್ನು ಕೊಂಡಾಡಿದಂತೆಯೇ ಸರಿ.

1818ರಲ್ಲಿ ಪೇಶವಾಯಿಯು ಮುಳುಗಿ ಧಾರವಾಡದ ಸೀಮೆಯು ಇಂಗ್ಲಿಷರ ಕೈಸೇರಿದಾಗ ಕಚೇರಿಯ ವ್ಯವಹಾರವು ಮರಾಠಿಯಲ್ಲಿತ್ತು. ಸರಕಾರವು ಮುಂದೆ ತೆರೆದ ಶಾಲೆಗಳಲ್ಲಿಯೂ ಬಹುಮಟ್ಟಿಗೆ ಅದೇ ಭಾಷೆಯು ನೆಲೆಯೂರಿತು. ವಾಲ್ಟರ್ ಎಲಿಯಟ್ಟರಂಥ ಕೆಲವು ಅಧಿಕಾರಿಗಳು ಕನ್ನಡದ ಪಕ್ಷವನ್ನು ವಹಿಸಿದರೂ, ಮನೆಯಲ್ಲಿ ಕನ್ನಡವಾಡುವ ಹುಡುಗನು ಶಾಲೆಯಲ್ಲಿ ಮರಾಠಿಯ ಅಕ್ಷರಗಳನ್ನು ತೀಡುವ ಸ್ಥಿತಿಯು ಬಹುಕಾಲ ತಪ್ಪಲಿಲ್ಲ. ಮರಾಠಿಯ ಮೇಲೆ ಯಾರಿಗೂ ಹಗೆಯಿರಬೇಕಾದ ಕಾರಣವಿರಲಿಲ್ಲ. ತೊಡಕು ಬೇರೆಯಾಗಿತ್ತು: ಕನ್ನಡದಲ್ಲಿ ಕಲಿಸೋಣವೆಂದರೆ ಕಲಿಸಬಲ್ಲ ಮಾಸ್ತರನಿಲ್ಲ, ಮಾಸ್ತರನಿದ್ದಲ್ಲಿ ಅವನ ಕೈಗೆ ಕೊಡಲು ಪುಸ್ತಕವಿಲ್ಲ, ಪುಸ್ತಕವನ್ನು ಬರೆಯೋಣವೆಂದರೆ ಗಣಿತಕ್ಕೂ ಭೂಗೋಲಕ್ಕೂ ಒಪ್ಪುವ ಗದ್ಯವೇ ಇನ್ನೂ ಹದಗೊಂಡಿರಲಿಲ್ಲ. ಈ ಮೂರು ಗಂಟುಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಎಷ್ಟೇ ಬುದ್ಧಿವಂತನಾದರೂ ಒಬ್ಬನೇ ಕುಳಿತು ಬಿಡಿಸಬಹುದಾದ ಗಂಟುಗಳಲ್ಲ ಅವು.

ಚನ್ನಬಸಪ್ಪನವರ (1834–1881) ದೊಡ್ಡತನವು ಇಲ್ಲಿಯೇ ಇರುವದು. ಅವರು ಮೊದಲು ಮಾಸ್ತರರನ್ನು ತಯಾರಿಸುವ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾಗಿದ್ದು, ಬಳಿಕ ಶಾಲೆಗಳನ್ನು ತನಿಖೆಮಾಡುವ ಡೆಪ್ಯುಟಿ ಇನ್ಸ್‌ಪೆಕ್ಟರರಾದರು. ಕಲಿಸುವವರನ್ನು ಕಲಿಸಿದ ಕೈಯೇ ಅವರ ಶಾಲೆಯ ಬಾಗಿಲನ್ನು ತಟ್ಟುವಂತಾಯಿತು. ಆ ಕಾಲದ ಹಳ್ಳಿಯ ಮಾಸ್ತರನಿಗೆ ತನಿಖೆಯ ದಿನವೆಂದರೆ ಎದೆಗುದಿಯ ದಿನ. ಬರುವ ಸಾಹೇಬನು ತನ್ನ ಗುರುವೇ ಆದರೆ ಆ ಭೀತಿಯ ಬಣ್ಣವೇ ಬೇರೆಯಾಗುವದು. ವಿಭಾಗದ ಇನ್ಸ್‌ಪೆಕ್ಟರರಾಗಿದ್ದ ರಸೆಲ್ ಸಾಹೇಬರ ಬೆಂಬಲವೂ ಈ ಕಾರ್ಯಕ್ಕೆ ದೊರೆಯಿತು. ಊರೂರಿನಲ್ಲಿ ಕನ್ನಡ ಶಾಲೆಗಳು ತಲೆಯೆತ್ತಿದವು.

ಶಾಲೆಗಳೇನೋ ತೆರೆದವು, ಇನ್ನು ಓದಿಸುವದೇನನ್ನು? ಬಳಗದ ದುಡಿಮೆಯ ಸಾರವು ಈ ಪ್ರಶ್ನೆಯ ಉತ್ತರದಲ್ಲಿದೆ. ವೆಂಕಟ ರಂಗೋ ಕಟ್ಟಿಯವರು (1833–1909) ಶಾಲೆಗಳಿಗೆ ಬೇಕಾದ ಪುಸ್ತಕಗಳನ್ನು ಒಂದರ ಬೆನ್ನಿಗೊಂದರಂತೆ ಬರೆದರು, ಭಾಷಾಂತರಿಸಿದರು. 1893ರಲ್ಲಿ ಮುಂಬಯಿ ಕರ್ನಾಟಕದ ಗ್ಯಾಝೆಟಿಯರನ್ನು ಕನ್ನಡದಲ್ಲಿ ಹೊರತಂದವರೂ ಇವರೇ. ಗಂಗಾಧರ ಮಡಿವಾಳೇಶ್ವರ ತುರಮರಿಯವರು (1827–1877) ಬಾಣಭಟ್ಟನ ಕಾದಂಬರಿಯನ್ನು ಕನ್ನಡ ಗದ್ಯಕ್ಕಿಳಿಸಿದರು. ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನು ಕನ್ನಡಿಸಿದರು. ಚನ್ನಬಸಪ್ಪನವರು ತಾವೂ ಸುಮ್ಮನೆ ಕೂಡದೆ ಶೇಕ್ಸ್‌ಪಿಯರನ ಒಂದು ವಿನೋದನಾಟಕವನ್ನು ‘ನಗದವರನ್ನು ನಗಿಸುವ ಕಥೆ’ಯೆಂದು ಹೇಳಿದರು. ಇವರಲ್ಲಿ ಒಬ್ಬೊಬ್ಬರನ್ನೇ ಬಿಡಿಯಾಗಿ ತೆಗೆದುಕೊಂಡರೆ, ಸಾಹಿತ್ಯದ ಚರಿತ್ರೆಯಲ್ಲಿ ಒಂದು ಪುಟಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವವರು ಕಡಿಮೆ. ಆದರೆ ಒಬ್ಬನು ಲೆಕ್ಕದ ಭಾಷೆಯನ್ನೂ ಇನ್ನೊಬ್ಬನು ಕಥೆಯ ಭಾಷೆಯನ್ನೂ ಮತ್ತೊಬ್ಬನು ನಾಟಕದ ಮಾತನ್ನೂ ಹದಮಾಡುತ್ತ ಬಂದದ್ದರಿಂದ, ಒಂದು ತಲೆಮಾರಿನೊಳಗಾಗಿ ಈ ಭಾಗದ ಹುಡುಗರಿಗೆ ಓದುವದಕ್ಕೊಂದು ಕನ್ನಡವು ಸಿದ್ಧವಾಯಿತು.

ಬಳಗಕ್ಕೆ ಒಂದು ದೊಡ್ಡ ವಿಘ್ನವಿತ್ತು, ಅದೇ ಬದಲಿ. ಸರಕಾರದ ಚಾಕರಿಯಲ್ಲಿದ್ದವನು ಇಂದು ಧಾರವಾಡದಲ್ಲಿದ್ದರೆ ನಾಳೆ ಎಲ್ಲಿಯೋ. ಒಂದೆಡೆಯಲ್ಲಿ ಕೂಡಿ ಕಲಿತವರು ಹತ್ತು ತಾಲೂಕುಗಳಿಗೆ ಚದರಿಹೋಗುವರು. ಹಳ್ಳಿಯ ಶಾಲೆಯಲ್ಲಿ ಎಲ್ಲ ಇಯತ್ತೆಗಳನ್ನೂ ಒಬ್ಬನೇ ನೋಡಿಕೊಳ್ಳುವ ಮಾಸ್ತರನಿಗೆ, ಪಾಠದಲ್ಲಿ ತೊಡಕು ಬಂದರೆ ಕೇಳುವದಕ್ಕೆ ಮಗ್ಗುಲಲ್ಲಿ ಮತ್ತೊಬ್ಬನಿಲ್ಲ. ಆ ಒಂಟಿತನವನ್ನು ನೀಗಿದ್ದು ಕಾಗದ. 1865ರಲ್ಲಿ ಬೆಳಗಾವಿಯಿಂದ ‘ಮಠಪತ್ರಿಕೆ’ಯು ಹೊರಟಿತು. ಈ ಹೆಸರನ್ನು ಕೇಳಿ ಸ್ವಾಮಿಗಳ ಮಠವನ್ನು ನೆನೆಯಬೇಕಾಗಿಲ್ಲ. ಹಳೆಯ ಕಾಲದಲ್ಲಿ ಐಗಳು ಮಕ್ಕಳಿಗೆ ಓದುಬರಹ ಕಲಿಸುತ್ತಿದ್ದ ಎಡೆಗೆ ಮಠವೆಂದೇ ಹೆಸರು, ‘ಸಾಲಿಮಠ’ವೆಂಬ ಅಡ್ಡಹೆಸರು ಇಂದಿಗೂ ಅದನ್ನು ನೆನಪಿಸುತ್ತದೆ. ಮಾಸ್ತರರಿಗಾಗಿಯೇ ಹುಟ್ಟಿದ ಈ ಪತ್ರಿಕೆಯು ಮುಂದೆ ಧಾರವಾಡಕ್ಕೆ ಬಂದು, ‘ಶಾಲಾಪತ್ರಿಕೆ’ಯಾಗಿ, ‘ಜೀವನ ಶಿಕ್ಷಣ’ವಾಗಿ, ಒಂದೂವರೆ ಶತಮಾನವನ್ನು ದಾಟಿತು. ಕನ್ನಡದಲ್ಲಿ ಹುಟ್ಟಿ ನಾಲ್ಕು ಸಂಚಿಕೆಗೆ ಕಣ್ಣುಮುಚ್ಚಿದ ಪತ್ರಿಕೆಗಳನ್ನು ಬಲ್ಲವರಿಗೆ ಈ ಆಯುಷ್ಯದ ಬೆಲೆಯು ತಿಳಿದೀತು.

ಬದಲಿಯಿಂದ ಲಾಭವೂ ಆಗದಿರಲಿಲ್ಲ. ಮಾಸ್ತರನು ಹೋದಲ್ಲಿಗೆ ಬಳಗದ ಬೀಜವೂ ಹೋಗುತ್ತಿತ್ತು. ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು (1856–1920), 1870ರ ದಶಕದಲ್ಲಿ ಗದಗಿನಲ್ಲಿ ನಾಟಕಮಂಡಳಿಯನ್ನು ಕಟ್ಟಿ, ಮರಾಠಿ ಆಟಗಳನ್ನೇ ನೋಡುತ್ತಿದ್ದ ಜನರಿಗೆ ಕನ್ನಡದ ಆಟವನ್ನು ತೋರಿಸಿದರು. ಹಗಲು ಬಾಲಬೋಧೆ, ಇರುಳು ಬಯಲಿನಲ್ಲಿ ಉಷಾಹರಣ!

ಆದರೆ ಸರಕಾರದ ಪಗಾರವನ್ನುಣ್ಣುವ ಬಳಗಕ್ಕೆ ಒಂದು ಮೇರೆಯಿದ್ದೇ ಇದೆ. ಖಾತೆಯು ಬೇಡವೆಂದರೆ ಪುಸ್ತಕವು ಅಚ್ಚಾಗದು. ಸಾಹೇಬನು ಬದಲಾದರೆ ಧೋರಣವೂ ಬದಲಾಗುವದು. ಆದ್ದರಿಂದ ಖಾತೆಯ ಹೊರಗೊಂದು ಆಸರವು ಬೇಕಾಯಿತು. ಧಾರವಾಡದ ಬಳಿಯ ನರೇಂದ್ರದವರಾದ ರಾ. ಹ. ದೇಶಪಾಂಡೆಯವರು (1861–1931) ಎಂ.ಎ. ಪದವಿಯನ್ನು ಪಡೆದು ಶಿಕ್ಷಣ ಖಾತೆಯಲ್ಲಿಯೇ ದುಡಿದವರು. ಅವರ ಮುಂದಾಳುತನದಲ್ಲಿ 1890ನೆಯ ಜುಲೈ 20ರಂದು ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಶಾಮರಾವ ವಿಠ್ಠಲ ಕೈಕಿಣಿಯವರು ಮೊದಲನೆಯ ಅಧ್ಯಕ್ಷರಾದರು. ಗ್ರಂಥಗಳನ್ನು ಪರೀಕ್ಷಿಸಿ, ಬಹುಮಾನವಿತ್ತು, ಅಚ್ಚುಹಾಕಿಸುವದು ಸಂಘದ ಉದ್ದೇಶವಾಗಿತ್ತು. 1896ರಲ್ಲಿ ಅದರ ‘ವಾಗ್ಭೂಷಣ’ವು ಹೊರಟಿತು. ಮಾಸ್ತರರೂ ವಕೀಲರೂ ಒಂದೇ ಚಾಪೆಯ ಮೇಲೆ ಕುಳಿತು ಪುಸ್ತಕವೊಂದರ ಗುಣದೋಷಗಳನ್ನು ತೂಗುವ ಪದ್ಧತಿಯು ಹೀಗೆ ಬೇರೂರಿತು. 1907ರಲ್ಲಿ ಆಲೂರ ವೆಂಕಟರಾಯರ ಯತ್ನದಿಂದ ಇಲ್ಲಿ ಗ್ರಂಥಕರ್ತರ ಸಮ್ಮೇಲನವು ಕೂಡಿದ್ದು ಅದರ ಫಲವೇ.

ಕೂಡಿ ದುಡಿಯುವದು ಎಲ್ಲೆಡೆಯಲ್ಲಿಯೂ ಸುಸೂತ್ರವಾಗಿಯೇ ನಡೆಯಿತೆಂದು ವಾಚಕರು ತಿಳಿಯಬಾರದು. ಅದೇ 1890ರಲ್ಲಿಯೇ ಪುಣೆಯ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿಯಿಂದ ಟಿಳಕರು ಹೊರಬಿದ್ದರು. 1884ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯಲ್ಲಿ ಅಧ್ಯಾಪಕರೇ ಆಜೀವ ಸದಸ್ಯರು. ಕಡಿಮೆ ಪಗಾರದ ಮೇಲೆ ದುಡಿಯುವದು ಅವರ ನೇಮ. ಸದಸ್ಯರು ಹೊರಗಿನ ಕೆಲಸವನ್ನು ಮಾಡಬಹುದೇ, ಹೊರಗಿನ ಗಳಿಕೆಯನ್ನು ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆಯ ಮೇಲೆ ಟಿಳಕರಿಗೂ ಆಗರಕರ, ಗೋಖಲೆ ಮೊದಲಾದವರಿಗೂ ವೈಮನಸ್ಯವು ಬೆಳೆಯಿತು. ಎರಡೂ ಪಕ್ಷದವರು ತ್ಯಾಗಿಗಳೇ. ತ್ಯಾಗಿಗಳ ಜಗಳವು ಲೋಭಿಗಳ ಜಗಳಕ್ಕಿಂತ ಬೇಗನೆ ತೀರುವದೆಂಬ ನೇಮವೇನೂ ಇಲ್ಲ.

ಆದರೂ ಆಜೀವ ಸದಸ್ಯತ್ವದ ಆ ಮಾದರಿಯು ಕನ್ನಡಿಗರ ಮನಸ್ಸಿನಲ್ಲಿ ನಿಂತಿತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವವರೆಗೆ ಹೆಚ್ಚಿನ ವಿದ್ಯೆಗಾಗಿ ಈ ಭಾಗದ ತರುಣರು ಪುಣೆ, ಮುಂಬಯಿಗಳಿಗೇ ಹೋಗಬೇಕಾಗಿತ್ತು. ಬರುವಾಗ ಅಲ್ಲಿ ಕಂಡದ್ದನ್ನೂ ಹೊತ್ತು ತಂದರು. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಲಿಂಗಾಯತ ವಿದ್ಯಾರ್ಥಿಗಳ ನೆರವಿಗೆಂದು ಒಂದು ಸಂಸ್ಥೆಯನ್ನು ಹುಟ್ಟಿಸಿದ್ದರು. ಹಣ ಕೊಡುವವರು ಹೀಗೆ ಮೊದಲೇ ಸಿದ್ಧರಾಗಿದ್ದರು. ಮೈ ಕೊಡುವವರು ಬೇಕಾಗಿತ್ತು. 1916ನೆಯ ನವಂಬರ 13ರಂದು ಬೆಳಗಾವಿಯಲ್ಲಿ ಶಿ. ಶಿ. ಬಸವನಾಳ, ಸಾಖರೆ ಮೊದಲಾದ ಏಳು ಜನ ತರುಣರು ತಾವೇ ಮಾಸ್ತರರಾಗಿ ನಿಂತು ಶಾಲೆಯೊಂದನ್ನು ತೆರೆದರು. ಅದೇ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯ ಮೊದಲು. ಜನರು ಈ ಏಳ್ವರನ್ನು ಸಪ್ತರ್ಷಿಗಳೆಂದು ಕರೆದರು. ಶಾಲೆಗೆ ಸಪ್ತರ್ಷಿಗಳ ಹೆಸರು ಬರಲಿಲ್ಲ. ಗಿಲಗಂಚಿ, ಅರಟಾಳರ ಹೆಸರು ಬಂದಿತು.

ಪುಣೆಯಲ್ಲಿ ಒಡೆದ ಗಡಿಗೆಯು ಇಲ್ಲಿ ಉಳಿದದ್ದಕ್ಕೆ ಏಳ್ವರ ಗುಣವೊಂದನ್ನೇ ಕಾರಣವೆನ್ನುವದು ಸಾಲದು. ಡೆಪ್ಯುಟಿಗಳ ಕಾಲದಿಂದಲೂ ಈ ಸೀಮೆಯ ಮಾಸ್ತರನು, ತನ್ನ ಹೆಸರನ್ನು ಹಿಂದಕ್ಕಿಟ್ಟು ಕೆಲಸವನ್ನು ಮುಂದಕ್ಕಿಡುವದನ್ನು ರೂಢಿಮಾಡಿಕೊಂಡಿದ್ದನು. ಬಸವನಾಳರೇ 1944ರಲ್ಲಿ ರಬಕವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಏಳು ಜನರು ತೆರೆದ ಆ ಸಂಸ್ಥೆಯು 1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜನ್ನೂ, ಸ್ವಾತಂತ್ರ್ಯವು ಬಂದ 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. 2015ರಲ್ಲಿ ಆ ಕಾಲೇಜೇ ವಿಶ್ವವಿದ್ಯಾಲಯವಾಯಿತು.