ತೋರುವ ಅಂಕಿ, ಇರುವ ಅಂಕಿ: ಕೈಗಣಕಗಳಲ್ಲಿ ಸಮೀಪೀಕರಣದ ಇತಿಹಾಸ

ಲಾಗರಿತಮ್ ಕೋಷ್ಟಕಗಳ ಸಹಾಯದಿಂದ ಲೆಕ್ಕ ಮಾಡುತ್ತಿದ್ದ ವಿದ್ಯಾರ್ಥಿಗೆ ತನ್ನ ಉತ್ತರದ ಎಷ್ಟನೆಯ ಅಂಕಿಯಿಂದಾಚೆಗೆ ನಂಬಿಕೆ ಸಲ್ಲದೆಂಬುದು ಯಾರೂ ಹೇಳಿಕೊಡದೆಯೇ ತಿಳಿದಿರುತ್ತಿತ್ತು. ನಮ್ಮ ಕಾಲೇಜುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಕ್ಲಾರ್ಕನ ಕೋಷ್ಟಕಗಳು ಅವನಿಗೆ ನಾಲ್ಕು ಅಂಕಿಗಳನ್ನು ಕೊಡುತ್ತಿದ್ದುವು. ನಾಲ್ಕನೆಯದು ಸಂದೇಹಕ್ಕೆ ಎಡೆಯಾದುದು. ಸ್ಲೈಡ್ ರೂಲು ಮೂರು ಅಂಕಿಗಳನ್ನು ಕೊಟ್ಟರೆ ಅದೇ ಹೆಚ್ಚು. ಕೋಷ್ಟಕವನ್ನು ರಚಿಸಿದವನು ತನ್ನ ತಿಳಿವಳಿಕೆಯ ಎಲ್ಲೆಯನ್ನು ಪುಟದ ಮೇಲೆಯೇ ಅಚ್ಚುಮಾಡಿಸಿ ಕೊಡುತ್ತಿದ್ದನೆಂದು ಹೇಳಬಹುದು. ಕ್ಯಾಲ್ಕುಲೇಟರ್ ಎಂದು ರೂಢಿಯಲ್ಲಿರುವ ಕೈಗಣಕವು ಬಂದಮೇಲೆ ಈ ಎಲ್ಲೆ ಕಣ್ಮರೆಯಾಯಿತು. ಅದರ ಕಿಟಕಿಯಲ್ಲಿ ಹತ್ತು ಅಂಕಿಗಳು ಸಮಾನವಾದ ಕಾಂತಿಯಿಂದ ಬೆಳಗುತ್ತವೆ. ಅವುಗಳಲ್ಲಿ ಯಾವುದು ದೃಢ, ಯಾವುದು ಶಿಥಿಲ ಎಂಬುದಕ್ಕೆ ಗುರುತು ಯಾವುದೂ ಇರುವುದಿಲ್ಲ.

ಈ ಹತ್ತು ಅಂಕಿಗಳ ಹಿಂದೆ ಯಂತ್ರವು ಏನನ್ನು ಇಟ್ಟುಕೊಂಡಿರುತ್ತದೆ, ಉಳಿದುದನ್ನು ಎಲ್ಲಿ, ಹೇಗೆ ಬಿಟ್ಟುಬಿಡುತ್ತದೆ ಎಂಬುದೇ ಪ್ರಕೃತ ಲೇಖನದ ವಿಷಯ. ತರಗತಿಗಳಲ್ಲಿ ರೌಂಡಿಂಗ್ ಎಂದೇ ಹೇಳುವ ಕ್ರಮವನ್ನು ಇಲ್ಲಿ ಸಮೀಪೀಕರಣವೆಂದು ಕರೆದಿದೆ. ಮಿಕ್ಕ ಅಂಕಿಗಳನ್ನು ನೋಡದೆಯೇ ಕಡಿದುಹಾಕುವುದನ್ನು ಕತ್ತರಿಸುವುದೆಂದು ಕರೆದಿದೆ.

ತ್ರಿಕೋಣಮಿತಿಯ ಫಲನಗಳನ್ನೂ ಲಾಗರಿತಮನ್ನೂ ಕೊಡಬಲ್ಲ ಮೊದಲ ಕೈಗಣಕವೆಂದರೆ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯು 1972ರಲ್ಲಿ 395 ಡಾಲರುಗಳ ಬೆಲೆಗೆ ಮಾರಾಟಕ್ಕಿಟ್ಟ ಎಚ್‌ಪಿ-35. ಅದರ ಒಂದೊಂದು ಸಂಖ್ಯಾಕೋಶದಲ್ಲಿಯೂ 14 ದಶಮಾನ ಅಂಕಿಗಳಿಗೆ ಸ್ಥಳವಿದ್ದಿತು: ಸಂಖ್ಯೆಯ ಅಂಕಿಗಳಿಗೆ 10, ಘಾತಕ್ಕೆ 2, ಧನ-ಋಣ ಚಿಹ್ನೆಗಳಿಗೆ ಮಿಕ್ಕ ಎರಡು. ದೊಡ್ಡ ಕಂಪ್ಯೂಟರುಗಳಂತೆ ಸಂಖ್ಯೆಗಳನ್ನು ದ್ವಿಮಾನ ಪದ್ಧತಿಗೆ ಪರಿವರ್ತಿಸದೆ ಒಂದೊಂದು ದಶಮಾನ ಅಂಕಿಯನ್ನೂ ನಾಲ್ಕು ಬಿಟ್‌ಗಳಲ್ಲಿ ಬರೆದಿಡುತ್ತಿದ್ದುದರಿಂದ, 0.1 ಎಂದು ಒತ್ತಿದರೆ ಒಳಗೆ ಇರುವುದೂ 0.1 ಆಗಿಯೇ ಇರುತ್ತಿತ್ತು. ಆದರೆ ಎಲ್ಲ ಫಲನಗಳಿಗೂ ಸೇರಿ ಅದರ ಸ್ಮರಣೆಯಲ್ಲಿದ್ದ ಆದೇಶಗಳು ಕೇವಲ 768. ಡೇವಿಡ್ ಕಾಕ್ರನ್ ಅವರು ಇಷ್ಟರಲ್ಲಿಯೇ ಸೈನ್, ಟ್ಯಾಂಜೆಂಟ್, ಲಾಗರಿತಮ್ ಮೊದಲಾದುವನ್ನೆಲ್ಲ ಅಡಕಮಾಡಬೇಕಾಯಿತು. ಅವರಿಗೆ ಒದಗಿಬಂದುದು ಜ್ಯಾಕ್ ವೋಲ್ಡರ್ ಎಂಬವರು 1956ರಲ್ಲಿ ಬಿ-58 ಯುದ್ಧವಿಮಾನದ ಮಾರ್ಗನಿರ್ಣಯ ಯಂತ್ರಕ್ಕಾಗಿ ಯೋಚಿಸಿ, 1959ರಲ್ಲಿ ಪ್ರಕಟಿಸಿದ ಕಾರ್ಡಿಕ್ ವಿಧಾನ. ಬೇಕಾದ ಕೋನವನ್ನು ಮೊದಲೇ ಗೊತ್ತಿರುವ ಕೆಲವು ಕೋನಗಳ ಮೊತ್ತವಾಗಿ ಒಡೆದು, ಒಂದು ರೇಖೆಯನ್ನು ಹೆಜ್ಜೆಹೆಜ್ಜೆಯಾಗಿ ತಿರುಗಿಸುತ್ತ ಹೋಗುವುದು ಇದರ ಸಾರ. ಆಯ್ದ ಕೋನಗಳ ಟ್ಯಾಂಜೆಂಟುಗಳು 1, 0.1, 0.01 ಹೀಗೆ ಇರುವುದರಿಂದ ಗುಣಾಕಾರವೇ ಬೇಕಾಗುವುದಿಲ್ಲ. ಅಂಕಿಗಳನ್ನು ಪಕ್ಕಕ್ಕೆ ಸರಿಸಿ ಕೂಡಿದರೆ ಸಾಕು.

ಇಂತಹ ಇಕ್ಕಟ್ಟಿನಲ್ಲಿ ಒಂದು ತಪ್ಪು ನುಸುಳಿತು. ಮೊದಮೊದಲು ಹೊರಬಂದ ಯಂತ್ರಗಳಲ್ಲಿ 2.02ರ ಸ್ವಾಭಾವಿಕ ಲಾಗರಿತಮನ್ನು ತೆಗೆದು, ಒಡನೆಯೇ ಅದರ ವಿಲೋಮವನ್ನು ತೆಗೆದರೆ 2.02 ಮರಳಿ ಬರುವುದಕ್ಕೆ ಬದಲಾಗಿ 2 ಬರುತ್ತಿತ್ತು. ಇದು ಸಮೀಪೀಕರಣದ ದೋಷವಲ್ಲ, ಆದೇಶಗಳಲ್ಲಿನ ತಪ್ಪು. ಅಷ್ಟು ಹೊತ್ತಿಗೆ ಸುಮಾರು 25,000 ಯಂತ್ರಗಳು ಮಾರಾಟವಾಗಿದ್ದುವೆಂದೂ, ಸಂಸ್ಥೆಯು ಕೊಂಡವರಿಗೆಲ್ಲ ತಿಳಿಸಿ ಬದಲಿಸಿಕೊಡಲು ಮುಂದಾದಾಗ ಸುಮಾರು ನಾಲ್ಕರಲ್ಲೊಂದು ಪಾಲಿನವರು ಮಾತ್ರ ಯಂತ್ರವನ್ನು ಹಿಂದಕ್ಕೆ ಕಳುಹಿಸಿದರೆಂದೂ ಹೇಳುವರು. ಮಿಕ್ಕವರು ತಪ್ಪನ್ನು ತಿಳಿದೂ ಯಂತ್ರವನ್ನು ಕೈಬಿಡಲೊಲ್ಲದೆ ಹೋದರೆಂಬುದು ಅಂದಿನ ಮೋಹಕ್ಕೆ ಸಾಕ್ಷಿಯಾಗಿದೆ.

ಮಿತವ್ಯಯವನ್ನು ಇನ್ನೂ ದೂರ ಕೊಂಡೊಯ್ದುದು 1974ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸಿಂಕ್ಲೇರ್ ಸೈಂಟಿಫಿಕ್. ನಾಲ್ಕು ಪರಿಕರ್ಮಗಳ ಸಾಧಾರಣ ಯಂತ್ರಕ್ಕೆಂದು ಮಾಡಿದ್ದ, 320 ಆದೇಶಗಳಷ್ಟೇ ಹಿಡಿಯುವ ಚಿಪ್ಪಿನಲ್ಲಿ ಅದು ತ್ರಿಕೋಣಮಿತಿಯನ್ನು ತುಂಬಿತು. ತೋರುತ್ತಿದ್ದುದು ಐದು ಅಂಕಿಗಳು. ನಂಬತಕ್ಕವು ಅನೇಕ ವೇಳೆ ಮೂರೇ. ಪೈ ಮುಂತಾದ ಸ್ಥಿರಾಂಕಗಳಿಗೆ ಒಳಗೆ ಸ್ಥಳವಿಲ್ಲದೆ ಅವುಗಳನ್ನು ಯಂತ್ರದ ಹೊರಮೈಯ ಮೇಲೆ ಅಚ್ಚುಹಾಕಿದ್ದರು!

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. 1ನ್ನು 3ರಿಂದ ಭಾಗಿಸಿ ಬಂದುದನ್ನು 3ರಿಂದ ಗುಣಿಸಿದರೆ ಎಚ್‌ಪಿ-35 ಕೊಡುವ ಉತ್ತರ 0.9999999999. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ 1974ರ ಎಸ್‌ಆರ್-50, 1977ರ ಟಿಐ-59 ಮೊದಲಾದ ಯಂತ್ರಗಳು ಕೊಡುವ ಉತ್ತರ 1. ಅಂಗಡಿಯಲ್ಲಿ ನಿಂತು ಎರಡನ್ನೂ ಪರೀಕ್ಷಿಸಿದವನು ಎರಡನೆಯದೇ ಮೇಲೆಂದು ಹೇಳದಿರಲಾರನು. ಆದರೆ ಅಲ್ಲಿ ನಡೆದುದೇನು? ಟಿಐ-59 ಒಳಗೆ 13 ಅಂಕಿಗಳನ್ನು ಇಟ್ಟುಕೊಂಡು 10ನ್ನು ಮಾತ್ರ ತೋರುತ್ತಿತ್ತು. ಒಳಗಿದ್ದುದು 0.9999999999999, ತೋರುವಾಗ ಸಮೀಪೀಕರಿಸಿ 1 ಎಂದಿತು. ಅದರಿಂದ 1ನ್ನು ಕಳೆದರೆ ಸೊನ್ನೆಯ ಬದಲು ಹದಿಮೂರನೆಯ ದಶಮಾಂಶ ಸ್ಥಾನದ ಒಂದು ಋಣಸಂಖ್ಯೆ ಹೊರಬೀಳುತ್ತದೆ. ಅದರ ಪೂರ್ಣಾಂಕ ಭಾಗವನ್ನು ಕೇಳಿದರೆ 1 ಎಂದು ಕಾಣುತ್ತಿದ್ದುದು 0 ಆಗಿಬಿಡುತ್ತದೆ. ಕ್ರಮವಿಧಿ ಬರೆದು ಎರಡು ಸಂಖ್ಯೆಗಳು ಸಮವೇ ಎಂದು ಯಂತ್ರವನ್ನು ಕೇಳುವವನಿಗೆ, ಕಣ್ಣಿಗೆ ಸಮವಾಗಿರುವುವು ಸಮವಲ್ಲವೆಂಬ ಉತ್ತರ ಬರುತ್ತಿತ್ತು. ಬಳಕೆದಾರರು ಇದಕ್ಕೆ ಒಂದು ಉಪಾಯವನ್ನೂ ಕಂಡುಕೊಂಡಿದ್ದರು: ಘಾತರೂಪದ ಕೀಲಿಯನ್ನು ಒಮ್ಮೆ ಒತ್ತಿ, ಒಡನೆಯೇ ಅದನ್ನು ರದ್ದುಮಾಡಿದರೆ ಮರೆಯಲ್ಲಿದ್ದ ಮೂರು ಅಂಕಿಗಳು ಉದುರಿಹೋಗುತ್ತಿದ್ದುವು.

ಮರೆಯ ಅಂಕಿಗಳು ಕೆಟ್ಟುವೆಂದು ಇದರ ಅರ್ಥವಲ್ಲ. ಕಾವಲು ಅಂಕಿಗಳೆಂದು ಕರೆಯಬಹುದಾದ ಇವು ಇಲ್ಲದಿದ್ದರೆ ಒಳ್ಳೆಯ ಲೆಕ್ಕವೇ ಸಾಧ್ಯವಿಲ್ಲ. ಎರಡರ ಘನವನ್ನು ಲಾಗರಿತಮಿನ ಮೂಲಕ ತೆಗೆಯುವುದನ್ನು ನೋಡಿ. 2ರ ಸ್ವಾಭಾವಿಕ ಲಾಗರಿತಮ್ ಹತ್ತು ಅಂಕಿಗಳಿಗೆ 0.6931471806, ಮೂರರಿಂದ ಗುಣಿಸಿ ಹತ್ತು ಅಂಕಿಗಳಿಗೆ ತಂದರೆ 2.079441542; ಇದರ ವಿಲೋಮ 8 ಅಲ್ಲ, 8.000000003. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ಪತ್ರಿಕೆಯ 1976ರ ನವೆಂಬರ್ ಸಂಚಿಕೆಯಲ್ಲಿ ಡೆನ್ನಿಸ್ ಹಾರ್ಮ್ಸ್ ಅವರು ಬರೆದ ಲೇಖನದ ಶೀರ್ಷಿಕೆಯೇ ಎರಡರ ಘನವನ್ನು ಎಂಟಾಗಿಸುವುದನ್ನು ಕುರಿತದ್ದು. ಅಂದಿನಿಂದ ಆ ಸಂಸ್ಥೆಯು ಅನುಸರಿಸಿದ ಕ್ರಮ ಹೀಗೆ: ಫಲನದ ಒಳಲೆಕ್ಕವೆಲ್ಲ 13 ಅಂಕಿಗಳಲ್ಲಿ ನಡೆಯತಕ್ಕದ್ದು, ಉತ್ತರವನ್ನು ಬಳಕೆದಾರನ ಕೈಗೆ ಕೊಡುವ ಮುನ್ನ 10 ಅಂಕಿಗಳಿಗೆ ಸಮೀಪೀಕರಿಸತಕ್ಕದ್ದು, ಮಿಕ್ಕುದನ್ನು ಎಲ್ಲಿಯೂ ಉಳಿಸಿಕೊಳ್ಳಕೂಡದು. ಕಾವಲು ಅಂಕಿಗಳು ಮನೆಯೊಳಗೆ ದುಡಿಯಬೇಕೇ ಹೊರತು ಬಾಗಿಲಾಚೆ ಸುಳಿಯಬಾರದು. ಕಂಡದ್ದೇ ಇದ್ದದ್ದು, ಇದ್ದದ್ದೇ ಕಂಡದ್ದು. ಇದರ ಫಲವಾಗಿ 1÷3×3 ಎಂಬ ಲೆಕ್ಕದಲ್ಲಿ ಪ್ರಾಮಾಣಿಕ ಯಂತ್ರವೇ ಕೀಳಾಗಿ ಕಾಣುವ ವಿಚಿತ್ರವು ಮುಂದುವರಿಯಿತು. ನನ್ನ ಅಭಿಪ್ರಾಯದಲ್ಲಿ ಬೋಧನೆಗೆ ಆ ಯಂತ್ರವೇ ಮೇಲು, 0.9999999999 ಎಂಬುದನ್ನು ಕಂಡ ವಿದ್ಯಾರ್ಥಿ ಒಂದು ಪ್ರಶ್ನೆಯನ್ನಾದರೂ ಕೇಳುತ್ತಾನೆ.

1970ರ ದಶಕದಲ್ಲಿ ಈ ಸಂಸ್ಥೆಗೆ ಸಲಹೆಗಾರರಾಗಿದ್ದವರು ಬರ್ಕ್ಲಿಯ ಪ್ರಾಧ್ಯಾಪಕ ವಿಲಿಯಂ ಕಹಾನ್. ಮುಂದೆ 1985ರಲ್ಲಿ ಅಂಗೀಕೃತವಾದ ಕಂಪ್ಯೂಟರ್ ಅಂಕಗಣಿತದ ಐಇಇಇ-754 ಮಾನಕದ ಮುಖ್ಯ ಶಿಲ್ಪಿಯೂ ಅವರೇ. 1989ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಆ ಕಾಲದ ಚಿಂತನೆಯ ಫಲವನ್ನು 1982ರ ಎಚ್‌ಪಿ-15ಸಿ ಯಂತ್ರದ ಕೈಪಿಡಿಯಲ್ಲಿ ಕಾಣಬಹುದು. ತನ್ನ ಯಂತ್ರವು ಎಲ್ಲಿ ಎಡವುತ್ತದೆಂಬುದನ್ನು ತಯಾರಕನೇ ಉದಾಹರಣೆ ಸಹಿತ ಅಚ್ಚುಹಾಕಿ ಕೊಂಡವನ ಕೈಗಿತ್ತ ಇಂತಹ ಪುಸ್ತಕಗಳು ವಿರಳ.

ಅಲ್ಲಿನ ಒಂದು ಸಮಸ್ಯೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ಒಬ್ಬ ಸಲಹೆಗಾರ್ತಿಗೆ ಸೆಕೆಂಡಿಗೆ ಒಂದು ಸೆಂಟಿನಂತೆ ವರ್ಷವಿಡೀ ಸಂಭಾವನೆ. ಆ ಹಣವು ಅಲ್ಲಲ್ಲಿಯೇ ಬ್ಯಾಂಕಿಗೆ ಜಮೆಯಾಗುತ್ತದೆ. ಬಡ್ಡಿ ವರ್ಷಕ್ಕೆ ಶೇಕಡಾ 11.25ರಂತೆ ಪ್ರತಿ ಸೆಕೆಂಡಿಗೂ ಚಕ್ರಬಡ್ಡಿ. ವರ್ಷದಲ್ಲಿ 3,15,36,000 ಸೆಕೆಂಡುಗಳು. ಚಕ್ರಬಡ್ಡಿಯ ಪರಿಚಿತ ಸೂತ್ರವನ್ನು ಯಂತ್ರದಲ್ಲಿ ಒತ್ತಿದಾಗ ಆಕೆಗೆ ಬಂದ ಮೊತ್ತ 3,76,877.67 ಡಾಲರು. ಬ್ಯಾಂಕಿನ ಲೆಕ್ಕದಲ್ಲಿದ್ದುದು 3,33,783.35 ಡಾಲರು. ಮಿಕ್ಕ 43,094.32 ಡಾಲರು ಎಲ್ಲಿ ಹೋಯಿತು?

ಯಾರೂ ಕದಿಯಲಿಲ್ಲ. ಒಂದು ಸೆಕೆಂಡಿನ ಬಡ್ಡಿದರ 0.000000003567351598. ಸೂತ್ರದಲ್ಲಿ ಇದಕ್ಕೆ 1ನ್ನು ಕೂಡಬೇಕು. ಕೂಡಿ ಹತ್ತು ಅಂಕಿಗಳಿಗೆ ಸಮೀಪೀಕರಿಸಿದರೆ ಉಳಿಯುವುದು 1.000000004. ಹತ್ತು ಸಾರ್ಥಕ ಅಂಕಿಗಳಿದ್ದ ದರದಲ್ಲಿ ಈಗ ಒಂದೇ ಅಂಕಿ. ಅದೂ ಮೇಲಕ್ಕೆ ಏರಿಸಿದ್ದು. ಈ ಹೊಸ ದರವು ವರ್ಷಕ್ಕೆ ಶೇಕಡಾ 12.6144 ಆಗುತ್ತದೆ. ಮುಂದಿನ ಘಾತದ ಲೆಕ್ಕವನ್ನು ಯಂತ್ರವು ನಿರ್ದುಷ್ಟವಾಗಿಯೇ ಮಾಡಿತು. ಆದರೆ ಅದು ಮಾಡಿದುದು ಬೇರೊಂದು ಬ್ಯಾಂಕಿನ ಲೆಕ್ಕ. ಮರೆಯಲ್ಲಿ ಮೂರು ಅಂಕಿಗಳನ್ನು ಹೆಚ್ಚಾಗಿ ಇಟ್ಟುಕೊಂಡರೂ ಈ ರೋಗವು ಶಮನವಾಗುವುದೇ ಹೊರತು ಗುಣವಾಗದು: 1.000000003567 ಎಂಬುದರಿಂದ ಹೊರಟರೆ ಉತ್ತರವು ಸುಮಾರು 35 ಡಾಲರು ಕಡಮೆಯಾಗಿ ಬರುತ್ತದೆ.

ಪರಿಹಾರವು ಯಂತ್ರದಲ್ಲಿಲ್ಲ, ಸೂತ್ರವನ್ನು ಬಳಸುವ ರೀತಿಯಲ್ಲಿದೆ. ಯಂತ್ರವು ಇಟ್ಟುಕೊಂಡಿರುವ 1.000000004 ಎಂಬುದರ ಲಾಗರಿತಮನ್ನೇ ತೆಗೆಯಿರಿ; ಅದನ್ನು ನಿಜವಾದ ದರದಿಂದ ಗುಣಿಸಿ, ಯಂತ್ರವು ತಪ್ಪಾಗಿ ತಿಳಿದಿರುವ ದರದಿಂದ, ಎಂದರೆ 0.000000004ರಿಂದ, ಭಾಗಿಸಿರಿ. ಸಮೀಪೀಕರಣದಿಂದ ಬಂದ ಏರಿಕೆಯು ಅಂಶದಲ್ಲಿಯೂ ಛೇದದಲ್ಲಿಯೂ ಒಂದೇ ಪ್ರಮಾಣದಲ್ಲಿರುವುದರಿಂದ ಕಳೆದುಹೋಗುತ್ತದೆ. ಮುಂದಿನ ಲೆಕ್ಕವನ್ನು ಈ ಲಾಗರಿತಮಿನಿಂದ ನಡೆಸಿದರೆ, ಅದೇ ಹತ್ತು ಅಂಕಿಗಳ ಯಂತ್ರದಲ್ಲಿ 3,33,783.35 ಬರುತ್ತದೆ. ಯಂತ್ರವು ಎಸಗಿದ ತಪ್ಪು ಎಷ್ಟೆಂಬುದು ಕಣ್ಣಿಗೆ ಪೂರ್ತಿಯಾಗಿ ಕಾಣುವುದರಿಂದಲೇ ಅದನ್ನು ಹೀಗೆ ತೊಡೆದುಹಾಕುವುದು ಸುಲಭವಾಯಿತೆಂಬುದನ್ನು ಗಮನಿಸಬೇಕು. 1979ರ ಎಚ್‌ಪಿ-41ಸಿ ಯಂತ್ರವು ಒಂದಕ್ಕೆ ಬಹು ಸಮೀಪದ ಸಂಖ್ಯೆಗಳ ಲಾಗರಿತಮಿಗಾಗಿ ಪ್ರತ್ಯೇಕ ಫಲನವನ್ನೇ ಒಳಗೊಂಡಿದ್ದಿತು.

ಅಧ್ಯಾಪಕರಿಗೆ ತರಗತಿಯಲ್ಲಿ ಎದುರಾಗುವ ಮತ್ತೊಂದು ಪ್ರಶ್ನೆಯೂ ಈ ಜಾತಿಯದೇ. ರೇಡಿಯನ್ ಕ್ರಮದಲ್ಲಿ ಪೈಯ ಸೈನನ್ನು ಕೇಳಿದರೆ ಎಚ್‌ಪಿ-15ಸಿ ಸೊನ್ನೆಯನ್ನು ಕೊಡದೆ −4.1×10⁻¹⁰ ಎನ್ನುತ್ತದೆ. ಯಂತ್ರ ಕೆಟ್ಟಿದೆಯೆ? ಇಲ್ಲ. ಅದರ ಕಿಟಕಿಯಲ್ಲಿರುವ 3.141592654 ಪೈ ಅಲ್ಲವಷ್ಟೆ. ಪೈಗಿಂತ ಕೊಂಚ ದೊಡ್ಡದಾದ ಬೇರೊಂದು ಸಂಖ್ಯೆ. ಆ ಸಂಖ್ಯೆಯ ಸೈನ್ ನಿಜವಾಗಿಯೂ −4.102067615×10⁻¹⁰. ಯಂತ್ರದ ಉತ್ತರದಲ್ಲಿ ಎರಡೇ ಅಂಕಿಗಳು ಸರಿಯಾಗಿರುವುದಕ್ಕೆ ಕಾರಣ, ಕೋನವನ್ನು ಚಿಕ್ಕದು ಮಾಡಿಕೊಳ್ಳಲು ಅದು ಬಳಸುವ ಒಳಗಿನ ಪೈ 13 ಅಂಕಿಗಳದ್ದು. 1984ರ ಎಚ್‌ಪಿ-71ಬಿ ಮತ್ತು ಅದರ ಮುಂದಿನ ಪೀಳಿಗೆಯ 12 ಅಂಕಿಗಳ ಯಂತ್ರಗಳಲ್ಲಿ ಈ ಒಳಗಿನ ಪೈಯನ್ನು 31 ಅಂಕಿಗಳಿಗೆ ಬೆಳಸಿದರು. ಅವು ಕೊಡುವ −2.06761537357×10⁻¹³ ಎಂಬ ಉತ್ತರದಲ್ಲಿ ಎಲ್ಲ ಅಂಕಿಗಳೂ ಸರಿಯಾದುವೇ. ಸೊನ್ನೆಯನ್ನು ತೋರಿಸುವ ಯಂತ್ರವು ಕೇಳಿದ ಪ್ರಶ್ನೆಗಲ್ಲ, ಕೇಳಬೇಕೆಂದಿದ್ದ ಪ್ರಶ್ನೆಗೆ ಉತ್ತರ ಹೇಳುತ್ತದೆ. ಅದು ಉಪಕಾರವೋ ವಂಚನೆಯೋ ಎಂಬುದರಲ್ಲಿ ಭಿನ್ನಾಭಿಪ್ರಾಯಕ್ಕೆ ಎಡೆಯುಂಟು.

ಮರೆಯ ಅಂಕಿಗಳ ಸಂಪ್ರದಾಯವು ಕೊನೆಗೊಂಡಿಲ್ಲ. ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತವಾದ ಕ್ಯಾಸಿಯೋ ಎಫ್‌ಎಕ್ಸ್-991ಇಎಸ್ ಯಂತ್ರವು ಒಳಗೆ 15 ಅಂಕಿಗಳಲ್ಲಿ ಲೆಕ್ಕಮಾಡಿ 10ನ್ನು ತೋರುತ್ತದೆ. ಮೂರು ದಶಮಾಂಶ ಸ್ಥಾನಗಳನ್ನು ತೋರುವಂತೆ ಹೊಂದಿಸಿ 200ನ್ನು 7ರಿಂದ ಭಾಗಿಸಿದರೆ 28.571 ಎಂದು ಕಾಣುತ್ತದೆ. ಅದನ್ನು 14ರಿಂದ ಗುಣಿಸಿದರೆ 400.000. ಭಾಗಲಬ್ಧವನ್ನು ಮೊದಲು ಸಮೀಪೀಕರಣದ ಕೀಲಿಯಿಂದ ತೋರುವಷ್ಟಕ್ಕೇ ಇಳಿಸಿಕೊಂಡು ಗುಣಿಸಿದರೆ 399.994. ಪ್ರಯೋಗಶಾಲೆಯ ದಾಖಲೆ ಪುಸ್ತಕದಲ್ಲಿ 28.571 ಎಂದು ಬರೆದು ಮುಂದಿನ ಸಾಲಿನಲ್ಲಿ 400.000 ಎಂದು ಬರೆಯುವ ವಿದ್ಯಾರ್ಥಿಯ ಪುಟವನ್ನು ತಿದ್ದುವವರು ಇವೆರಡನ್ನೂ ತಾಳೆನೋಡಿದರೆ ಸರಿಹೋಗುವುದಿಲ್ಲ. ತಪ್ಪು ಅವನದಲ್ಲ, ಯಂತ್ರದ್ದೂ ಅಲ್ಲ. ಪುಟಕ್ಕೆ ಬಾರದೆ ಒಳಗೇ ಉಳಿದ ಅಂಕಿಗಳದು.

ಕೈಯಲ್ಲಿರುವ ಯಂತ್ರವು ಯಾವ ಸಂಪ್ರದಾಯದ್ದೆಂದು ತಿಳಿಯಲು ಸಂಗ್ರಾಹಕರಲ್ಲಿ ಒಂದು ಪರೀಕ್ಷೆ ರೂಢಿಯಲ್ಲಿದೆ. ಡಿಗ್ರಿ ಕ್ರಮದಲ್ಲಿ 9ರ ಸೈನ್, ಅದರ ಕೊಸೈನ್, ಅದರ ಟ್ಯಾಂಜೆಂಟ್ ತೆಗೆದು, ಹಿಮ್ಮುಖವಾಗಿ ವಿಲೋಮ ಟ್ಯಾಂಜೆಂಟ್, ವಿಲೋಮ ಕೊಸೈನ್, ವಿಲೋಮ ಸೈನ್ ತೆಗೆಯುವುದು. ಹೊರಟ 9ಕ್ಕೇ ಮರಳಬೇಕಷ್ಟೆ. ಎಚ್‌ಪಿ-15ಸಿ ಕೊಡುವುದು 9.000417403, 1988ರ, 12 ಅಂಕಿಗಳ ಎಚ್‌ಪಿ-42ಎಸ್ ಕೊಡುವುದು 8.99999864267. ಮೊದಲನೆಯದನ್ನು ನಾನು ಕಾಗದದ ಮೇಲೆ, ಪ್ರತಿ ಹಂತದಲ್ಲಿಯೂ ಹತ್ತು ಅಂಕಿಗಳಿಗೆ ಸಮೀಪೀಕರಿಸುತ್ತ, ಮಾಡಿ ನೋಡಿದೆನು: 0.1564344650, 0.9999962727, 0.01745499985, ಮರಳುವಾಗ 0.9999962724. ಇಲ್ಲಿಯೇ ಮೂರು ಏಕಮಾನಗಳ ಜಾರುವಿಕೆಯನ್ನು ವಾಚಕರು ಕಾಣಬಹುದು. ಹತ್ತನೆಯ ಸ್ಥಾನದಾಚೆಗೆ ಮೊದಲೇ ಬಿಟ್ಟುದನ್ನೂ ಸೇರಿಸಿದರೆ ಮೂರೂವರೆಗೆ ಕೊಂಚ ಕಡಮೆ. ಕೊಸೈನ್ 1ರ ಸಮೀಪದಲ್ಲಿರುವಾಗ ಅದರ ಹತ್ತನೆಯ ಅಂಕಿಯ ಒಂದು ಏಕಮಾನವು ಕೊನೆಯ ಉತ್ತರವನ್ನು ಸುಮಾರು 0.00012ರಷ್ಟು ಕದಲಿಸುತ್ತದೆ. ಆದುದರಿಂದ 0.0004ರ ಈ ಅಂತರವು ಎಚ್‌ಪಿ-15ಸಿಯ ದೋಷವಲ್ಲ. ಹತ್ತೇ ಅಂಕಿಗಳುಳ್ಳ ನಿರ್ದೋಷ ಯಂತ್ರವೂ ಅಷ್ಟೇ ದೂರಕ್ಕೆ ಹೋಗಿ ನಿಲ್ಲುವುದು. ಈ ಪರೀಕ್ಷೆಯಲ್ಲಿ ಸರಿಯಾಗಿ 9 ಎಂದೇ ತೋರಿಸುವ ಯಂತ್ರ ದೊರೆತರೆ, ಅದರಿಂದ 9ನ್ನು ಕಳೆದು ಏನು ಉಳಿಯುವುದೆಂಬುದನ್ನು ನೋಡತಕ್ಕದ್ದು.