ಪೊರೆ ಶಸ್ತ್ರಚಿಕಿತ್ಸೆಯ ವೇಗ

ಕಡೂರು ತಾಲ್ಲೂಕಿನ ಯಗಟಿಯಂಥ ಊರಿನವರಿಗೆ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯೆಂದರೆ ಕಡೂರಿಗೆ ಬಂದು ರೈಲು ಹತ್ತಬೇಕಾದಷ್ಟು ದೂರ. ಪೊರೆ ಬಂದ ಮುದುಕರು ಅಷ್ಟು ದೂರ ಹೋಗುವ ಬದಲು ಕುರುಡನ್ನೇ ಒಪ್ಪಿಕೊಳ್ಳುತ್ತಿದ್ದರು. ವೈದ್ಯರೇ ಊರಿಗೆ ಬರುವ ನೇತ್ರ ಶಿಬಿರದ ಪದ್ಧತಿ ಹತ್ತಿರದಲ್ಲಿ ಆಸ್ಪತ್ರೆಯಿಲ್ಲದ ಈ ಕೊರತೆಯಿಂದಲೇ ಬೆಳೆಯಿತು. ಸ್ವಲ್ಪ ಹೊತ್ತಿನಲ್ಲಿ ಬಹಳ ಮಂದಿಯನ್ನು ನೋಡಬೇಕಾದ ಶಿಬಿರಕ್ಕೆ ವೇಗ ಅನಿವಾರ್ಯ.

ಬೀಳಗಿಯ ಡಾ. ಎಂ.ಸಿ. ಮೋದಿ 1943ರಿಂದ ಹಳ್ಳಿಹಳ್ಳಿ ಸುತ್ತಿದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ಅವರ ದಾಖಲೆ ಗಿನ್ನೆಸ್ ಪುಸ್ತಕ ಸೇರಿತು. ಗುಟ್ಟು ಬರೀ ಕೈಚಳಕದಲ್ಲಿರಲಿಲ್ಲ. ಸಾಲು ಮೇಜುಗಳಲ್ಲಿ ಮಲಗಿದ ರೋಗಿಗಳಿಗೆ ಕಣ್ಣು ತೊಳೆಯುವುದು, ಅರಿವಳಿಕೆ, ಪಟ್ಟಿ ಎಲ್ಲವೂ ಸಹಾಯಕರ ಪಾಲು. ಮೋದಿಯವರು ಒಂದು ಮೇಜಿನಿಂದ ಮುಂದಿನದಕ್ಕೆ ಸರಿಯುತ್ತಿದ್ದರು. ಕೆಲಸದ ಈ ಹಂಚಿಕೆಯೇ ಅವರ ದೊಡ್ಡ ಕೊಡುಗೆ.

ಕೆಲಸದ ಹಂಚಿಕೆಯಂತೆ ಉಪಕರಣಗಳೂ ವೇಗಕ್ಕೆ ನೆರವಾದವು. ಸೂಕ್ಷ್ಮದರ್ಶಕವನ್ನು ಶಸ್ತ್ರಚಿಕಿತ್ಸೆಗೆ ಮೊದಲು ತಂದವರು ಸ್ಟಾಕ್‌ಹೋಮಿನ ಕಾರ್ಲ್ ನೀಲೆನ್, 1921ರಲ್ಲಿ, ಕಿವಿಗಾಗಿ; ಕಣ್ಣಿಗೆ ಅದು ಆಮೇಲೆ ಬಂತು. 1967ರಲ್ಲಿ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ಕಂಪನದಿಂದ ಪೊರೆಯನ್ನು ಒಡೆದು ಹೀರುವ ವಿಧಾನ ರೂಪಿಸಿದರು. ಸುಮಾರು 10 ಮಿಲಿಮೀಟರ್‌ನ ಸೀಳು 3ಕ್ಕಿಳಿಯಿತು. ಹೊಲಿಗೆ ಬೇಡವಾಯಿತು, ಅದರ ಹೊತ್ತೂ ಉಳಿಯಿತು. ಎರಡು ಮೇಜುಗಳ ನಡುವೆ ಸೂಕ್ಷ್ಮದರ್ಶಕದ ತೋಳನ್ನು ತಿರುಗಿಸಿಕೊಳ್ಳುವ ಏರ್ಪಾಡೂ ಬಂತು: ಇತ್ತ ಒಬ್ಬರ ಕಣ್ಣು ಮುಗಿಯುವಾಗ ಅತ್ತ ಇನ್ನೊಬ್ಬರು ಸಿದ್ಧ. ಆದರೆ ಪ್ರತಿ ರೋಗಿಗೂ ಕ್ರಿಮಿಶುದ್ಧ ಉಪಕರಣಗಳ ಬೇರೆ ತಟ್ಟೆ ಇರಲೇಬೇಕು. ಅಲ್ಲಿ ಅವಸರ ಸಲ್ಲದು, ಸೋಂಕು ತಗುಲಿದರೆ ಕಣ್ಣೇ ಹೋಗುತ್ತದೆ.

ಡೇರೆ, ಶಾಲಾ ಕೊಠಡಿಗಳ ಶಸ್ತ್ರಚಿಕಿತ್ಸೆ ನಿಂತದ್ದು ಈ ಕಾರಣಕ್ಕೇ. ಈಗ ಶಿಬಿರದಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆ ಆಸ್ಪತ್ರೆಯಲ್ಲಿ.