ನರವೈಜ್ಞಾನಿಕ ಕಾಯಿಲೆಗಳಲ್ಲಿ ದಣಿವಿನ ಮಾಪನ

ನರವೈಜ್ಞಾನಿಕ ಕಾಯಿಲೆಗಳಲ್ಲಿ ದಣಿವಿನ ಮಾಪನ ಎಂದರೆ ಮಿದುಳು, ಬೆನ್ನುಹುರಿ ಮತ್ತು ನರಗಳ ಕಾಯಿಲೆಯುಳ್ಳವರ ದಣಿವನ್ನು ಪ್ರಶ್ನಾವಳಿ ಹಾಗೂ ದೈಹಿಕ ಪರೀಕ್ಷೆಗಳಿಂದ ಅಳೆಯುವ ಕ್ರಮ. ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್ ಕಾಯಿಲೆ ಮತ್ತು ಪಾರ್ಶ್ವವಾಯುವಿನಲ್ಲಿ ದಣಿವು ಸಾಮಾನ್ಯ ಲಕ್ಷಣವಾಗಿದೆ. ಇದು ಹೊರಗೆ ಕಾಣದ ಕಾರಣ ಸೋಮಾರಿತನವೆಂದು ತಪ್ಪಾಗಿ ಭಾವಿಸಲ್ಪಡುವುದುಂಟು.

ಸ್ವರೂಪ

ರೋಗಿಯು ಅನುಭವಿಸುವ ದಣಿವು ಮತ್ತು ಕೆಲಸ ಮಾಡುತ್ತಾ ಹೋದಂತೆ ಸಾಮರ್ಥ್ಯ ಕುಗ್ಗುವುದು ಬೇರೆ ಬೇರೆ ಸಂಗತಿಗಳು. ಮೊದಲನೆಯದನ್ನು ಪ್ರಶ್ನಾವಳಿಯಿಂದಲೂ, ಎರಡನೆಯದನ್ನು ಆರು ನಿಮಿಷದ ನಡಿಗೆ ಅಥವಾ ಕೈಹಿಡಿತದ ಬಲವನ್ನು ಪದೇಪದೇ ಅಳೆಯುವ ಪರೀಕ್ಷೆಯಿಂದಲೂ ತಿಳಿಯಲಾಗುತ್ತದೆ. ಇವೆರಡರ ಫಲಿತಾಂಶ ಯಾವಾಗಲೂ ಹೊಂದಿಕೆಯಾಗುವುದಿಲ್ಲ.

ಪ್ರಮುಖ ಮಾಪಕಗಳು

• ಫಟೀಗ್ ಸಿವಿಯಾರಿಟಿ ಸ್ಕೇಲ್: 1989ರಲ್ಲಿ ಕ್ರುಪ್ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದರು. ಇದರ 9 ಹೇಳಿಕೆಗಳಿಗೆ 1ರಿಂದ 7ರವರೆಗೆ ಅಂಕ ನೀಡಲಾಗುತ್ತದೆ. ಒಟ್ಟು 45 ಬಂದರೆ ಸರಾಸರಿ 5. ಸಾಮಾನ್ಯವಾಗಿ 4 ಅಥವಾ ಹೆಚ್ಚಿನ ಸರಾಸರಿಯನ್ನು ಗಣನೀಯ ದಣಿವೆಂದು ಪರಿಗಣಿಸಲಾಗುತ್ತದೆ.
• ಮಾಡಿಫೈಡ್ ಫಟೀಗ್ ಇಂಪ್ಯಾಕ್ಟ್ ಸ್ಕೇಲ್: 21 ಪ್ರಶ್ನೆಗಳು, ಗರಿಷ್ಠ 84 ಅಂಕ. ಹಿಂದಿನ 4 ವಾರಗಳಲ್ಲಿ ದೈಹಿಕ, ಬೌದ್ಧಿಕ ಮತ್ತು ಮನೋಸಾಮಾಜಿಕ ಬದುಕಿನ ಮೇಲಾದ ಪರಿಣಾಮವನ್ನು ಬೇರೆಬೇರೆಯಾಗಿ ತೋರಿಸುತ್ತದೆ.
• ಪಾರ್ಕಿನ್ಸನ್ ಫಟೀಗ್ ಸ್ಕೇಲ್: 16 ಹೇಳಿಕೆಗಳುಳ್ಳ ಇದು 2005ರಲ್ಲಿ ಪ್ರಕಟವಾಯಿತು.

ಮಿತಿಗಳು

ಅಂಕವು ದಣಿವಿನ ಕಾರಣವನ್ನು ತಿಳಿಸುವುದಿಲ್ಲ. ರಕ್ತಹೀನತೆ, ಥೈರಾಯ್ಡ್ ದೋಷ, ನಿದ್ರಾಹೀನತೆ, ಖಿನ್ನತೆ ಮತ್ತು ಔಷಧಿಗಳ ಅಡ್ಡಪರಿಣಾಮವನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕಾಗುತ್ತದೆ. ದಿನದ ವೇಳೆಗೆ ತಕ್ಕಂತೆ ದಣಿವು ಬದಲಾಗುವುದರಿಂದ, ಮರುಮಾಪನವನ್ನು ಅದೇ ಮಾಪಕದಿಂದ, ಸಾಧ್ಯವಾದಷ್ಟು ಅದೇ ವೇಳೆಯಲ್ಲಿ ನಡೆಸುವುದು ಸೂಕ್ತ.

ವಿಜಯಪುರ ಪರಿಸರದಲ್ಲಿ

ವಿಜಯಪುರ ನಗರದಲ್ಲಿ 1986ರಲ್ಲಿ ಆರಂಭವಾದ ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜು ಇದೆ. ವಿಜಯಪುರ ತಾಲ್ಲೂಕಿನಿಂದ ಬೇರ್ಪಟ್ಟ ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳು ಕೃಷಿಪ್ರಧಾನವಾಗಿವೆ. ಮಾಪಕಗಳಲ್ಲಿರುವ ‘ಕೆಲಸ’ ಎಂಬ ಪದವನ್ನು ಇಲ್ಲಿ ಕಚೇರಿಗೆ ಮಾತ್ರ ಸೀಮಿತಗೊಳಿಸದೆ, ದ್ರಾಕ್ಷಿ ತೋಟ, ಹೊಲ ಮತ್ತು ಮನೆಗೆಲಸಗಳಿಗೂ ಅನ್ವಯಿಸಿ ಕೇಳಬೇಕಾಗುತ್ತದೆ.

ಭಾಷೆಯೂ ಮುಖ್ಯ. ಈ ಭಾಗದ ಮಾತಿನಲ್ಲಿ ‘ತ್ರಾಣ ಇಲ್ಲ’ ಎಂಬುದು ಸ್ನಾಯುಗಳ ಬಲಹೀನತೆಯನ್ನೂ ದಣಿವನ್ನೂ ಸೂಚಿಸಬಹುದು. ‘ಬ್ಯಾಸರ’ ಎಂಬುದು ಮನಸ್ಸಿನ ಕುಗ್ಗುವಿಕೆಯನ್ನು ಸೂಚಿಸಬಹುದು. ಆದ್ದರಿಂದ ಪದಶಃ ಅನುವಾದ ಸಾಲದು. ಅನುವಾದವನ್ನು ಮರಳಿ ಮೂಲಭಾಷೆಗೆ ತಂದು ಹೋಲಿಸಿ, ಸ್ಥಳೀಯ ರೋಗಿಗಳಿಗೆ ಓದಿ ಹೇಳಿ ಅರ್ಥವನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಓದು ಬಾರದವರಿಗೆ ಪ್ರಶ್ನೆಗಳನ್ನು ಕೇಳುವವರು ಉತ್ತರವನ್ನು ಸೂಚಿಸಬಾರದು.

ವಿಜಯಪುರದಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರಲ್ಲಿ ದೇಹದ ಉಷ್ಣತೆ ಏರಿದಾಗ ಲಕ್ಷಣಗಳು ತಾತ್ಕಾಲಿಕವಾಗಿ ಉಲ್ಬಣಿಸುತ್ತವೆ. ಇದನ್ನು ಊಟ್‌ಹಾಫ್ ವಿದ್ಯಮಾನ ಎನ್ನುತ್ತಾರೆ. ಹೀಗಾಗಿ ಏಪ್ರಿಲ್ ಮತ್ತು ಡಿಸೆಂಬರ್ ತಿಂಗಳ ಅಂಕಗಳನ್ನು ಹೋಲಿಸುವಾಗ ಋತುವನ್ನೂ ದಾಖಲಿಸಬೇಕು.

ಮಹತ್ವ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ ಕಾಯಿಲೆಗಳು ಸೇರಿವೆ. ಕ್ರಮಬದ್ಧವಾಗಿ ದಾಖಲಿಸಿದ ದಣಿವು ಚಿಕಿತ್ಸೆಯ ಫಲವನ್ನು ಅರಿಯಲು, ವಿಶ್ರಾಂತಿ ಹಾಗೂ ದುಡಿಮೆಯ ವೇಳೆಯನ್ನು ಹೊಂದಿಸಲು ಮತ್ತು ರೋಗಿಯ ಮಾತನ್ನು ಕುಟುಂಬದವರು ನಂಬಲು ನೆರವಾಗುತ್ತದೆ.